ಅತ್ತೆಯ ಭೂತಗನ್ನಡಿ

ಜನವರಿ 9
(ಅಂಚೆಗೆ ಹಾಕದೆ ಮಗುವಿನ ಬಟ್ಟೆಗಳ ಕೆಳಗೆ ಇಟ್ಟದ್ದು)

ಅತ್ತೆ,

ನಿಮ್ಮ ಕಂಪ್ಯೂಟರನ್ನು ಅಳಿಸಿಬಿಟ್ಟಿದ್ದೇನೆ.

ಹೇಗೆ ಶುರು ಮಾಡಲಿ ಎಂದು ಮೂರು ಹಾಳೆ ಹರಿದೆ. ಮೊದಲ ಸಾಲಿನಲ್ಲೇ ಹೇಳಿಬಿಡುವುದು ವಾಸಿ ಅನ್ನಿಸಿತು. ನಿನ್ನೆ ಮಧ್ಯಾಹ್ನ ಮಗು ಸಾಸಿವೆಯ ಫೋಟೋಗಳನ್ನು ನಿಮ್ಮ ಮೇಜಿನ ಮೇಲಿದ್ದ ಹಳೆಯ ಡಿಸ್ಕಿಗೆ ಹಾಕಿಡೋಣವೆಂದು ಕೂತೆ. ಅವಳು ತೊಡೆಯ ಮೇಲೆ ಒದ್ದಾಡುತ್ತಿದ್ದಳು. ಎರಡು ದಿನಕ್ಕೆ ಸೇರಿ ಐದು ಗಂಟೆ ಮಲಗಿದ್ದೆನೋ ಇಲ್ಲವೋ. ಹಳೆಯ ಡಿಸ್ಕನ್ನು ಮೊದಲು ಖಾಲಿ ಮಾಡಬೇಕಿತ್ತು. ಅದರ ಬದಲು ಒಳಗಿನ ದೊಡ್ಡ ಡಿಸ್ಕನ್ನು ಖಾಲಿ ಮಾಡು ಎಂದೆ. 'ಖಂಡಿತವೇ?' ಎಂದು ಅದು ಕೇಳಿತು. 'ಹೌದು' ಎಂದೆ. ಮನುಷ್ಯರಾಗಿದ್ದರೆ ನನ್ನ ಮುಖ ನೋಡಿ ಇನ್ನೊಂದು ಸಲ ಕೇಳುತ್ತಿದ್ದರು.

ಈಗ ಅದನ್ನು ಹಚ್ಚಿದರೆ ಕಪ್ಪು ಪರದೆ, ಅಷ್ಟೇ. ನಿಮ್ಮ ಕಿಟಕಿಗಳಿಲ್ಲ. ನಿಮ್ಮ ಭೂತಗನ್ನಡಿ ಇಲ್ಲ.

ಅದಿಲ್ಲದೆ ನೀವು ಒಂದು ಸಾಲನ್ನೂ ಓದಲಾರಿರಿ. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಿಮ್ಮ ಕಣ್ಣಿಗೆಂದೇ ನೀವು ಆರು ವರ್ಷ ಕೂತು ಬರೆದ ಪ್ರೋಗ್ರಾಮು. ಪುಸ್ತಕಗಳ ಕೊನೆಗೆ ಪದಸೂಚಿ ಮಾಡಿಕೊಡುವ ನಿಮ್ಮ ಕೆಲಸ ನಡೆಯುವುದೂ ಅದರಿಂದಲೇ. ಮಾರ್ಚ್ ಕೊನೆಗೆ ಆ ದೂರದ ಆಸ್ಪತ್ರೆಯಿಂದ ಎರಡೂ ಕಣ್ಣಿನ ಆಪರೇಷನ್ ಮುಗಿಸಿ ಬರುತ್ತೀರಿ, ಚಪ್ಪಲಿ ಬಿಟ್ಟವರೇ ಮೇಜಿನ ಮುಂದೆ ಕೂರುತ್ತೀರಿ. ಆಗ ನಾನು ಎಲ್ಲಿಗೆ ಹೋಗಲಿ?

ನಿಮಗೆ ನನ್ನ ಮೇಲೆ ಮೊದಲೇ ಪ್ರೀತಿ ಅಷ್ಟಕ್ಕಷ್ಟೆ. ಇದನ್ನು ಯಾರಿಗೂ ಹೇಳಿಲ್ಲ, ಆದರೆ ನಾನು ಕುರುಡಿಯಲ್ಲ. ಸಾಸಿವೆಯನ್ನು ಎತ್ತಿಕೊಂಡಾಗಲೆಲ್ಲ ನೀವು ಅವಳ ಮುಖ ನೋಡುವುದಿಲ್ಲ. ಕಿವಿಯಾಚೆ ಎಲ್ಲೋ ನೋಡುತ್ತ ನಿಲ್ಲುತ್ತೀರಿ, ಬಸ್ಸಿಗೆ ಕಾಯುವವರ ಹಾಗೆ. ಹುಟ್ಟಿದ ದಿನದಿಂದ ಹೀಗೇ. ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ.

'ಕುರುಡಿಯಲ್ಲ' ಎಂದು ಬರೆದುಬಿಟ್ಟೆ. ಕ್ಷಮಿಸಿ. ಇದನ್ನು ಹೇಗೂ ಕಳಿಸುವುದಿಲ್ಲ.

ತಪ್ಪು ಮಾಡಿದ
ಸೊಸೆ

---

ಜನವರಿ 10

ಅತ್ತೆಯವರಿಗೆ,

ಬಲಗಣ್ಣಿನ ಆಪರೇಷನ್ ಸುಸೂತ್ರವಾಯಿತೆಂದು ನಿಮ್ಮ ಮಗ ಹೇಳಿದರು. ಹತ್ತು ದಿನ ಬೋರಲು ಮಲಗಿಯೇ ಇರಬೇಕಂತೆ, ಮಾರ್ಚ್ ಕೊನೆಯವರೆಗೆ ಯಾವ ಪರದೆಯನ್ನೂ ನೋಡುವಂತಿಲ್ಲವಂತೆ. ಫೋನು ಮಾಡಿದರೆ ಇತ್ತ ಮಗು ಅಳುತ್ತದೆ, ಅತ್ತ ನಿಮಗೆ ಎತ್ತಲು ಕಷ್ಟ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಯಾರಾದರೂ ಓದಿ ಹೇಳುತ್ತಾರೆಂದು ನಂಬಿದ್ದೇನೆ.

ಇಲ್ಲಿ ಎಲ್ಲ ಸರಿಯಾಗಿದೆ. ಸಾಸಿವೆಗೆ ಮೂರು ತಿಂಗಳು ತುಂಬಿತು. ಹೆಸರಿಗೆ ತಕ್ಕ ಹಾಗೆ ಸಿಡಿಯುತ್ತಾಳೆ.

ಒಂದು ವಿಚಾರ ಕೇಳಬೇಕಿತ್ತು, ಬರೀ ಕುತೂಹಲಕ್ಕೆ. ನಾನು ಓದಿದ್ದು ಸಸ್ಯಶಾಸ್ತ್ರ, ಈ ವಿಷಯ ತಿಳಿಯದು. ಪರದೆಯ ಮೇಲೆ ಕಿಟಕಿಗಳು ತೆರೆದುಕೊಳ್ಳುತ್ತವಲ್ಲ, ಆ ವ್ಯವಸ್ಥೆಯನ್ನು ಏನೂ ಇಲ್ಲದ ಕಂಪ್ಯೂಟರಿನಲ್ಲಿ ಮೂಲ ಕೋಡಿನಿಂದ ಹೊಸದಾಗಿ ಕಟ್ಟಬೇಕಾದರೆ ಎಲ್ಲಿಂದ ಶುರು ಮಾಡುತ್ತಾರೆ? ಮಗು ಮಲಗಿದಾಗ ಏನಾದರೂ ಕಲಿಯೋಣ ಅನ್ನಿಸಿತು. ನಿಮ್ಮ ಅಲಮಾರಿನಲ್ಲಿ 'ಕಿಟಕಿ' ಎಂದು ಬರೆದ ಒಂದು ಡಬ್ಬ ಸಿ.ಡಿ.ಗಳು ಕಂಡವು. ತೆಗೆಯಬಹುದೇ?

ಆರೋಗ್ಯ ನೋಡಿಕೊಳ್ಳಿ.

ನಮಸ್ಕಾರಗಳೊಂದಿಗೆ
ನಿಮ್ಮ ಸೊಸೆ

---

ಜನವರಿ 19

ಸೊಸೆಗೆ,

ನಾನು ಹೇಳ್ತಾ ಇದೀನಿ, ವಾರ್ಡಿನ ಸಿಸ್ಟರ್ ಬರೀತಾ ಇದಾಳೆ. ಮುಖ ಇಡೋದಕ್ಕೆ ಅಂತ ಮಂಚದಲ್ಲಿ ಒಂದು ತೂತು ಮಾಡಿದಾರೆ. ಅದರೊಳಗಿಂದ ಅವಳ ಚಪ್ಪಲಿ ಹತ್ತಿರ ಮಾತಾಡ್ತಾ ಇದೀನಿ. ಇಷ್ಟು ವರ್ಷದಲ್ಲಿ ನನ್ನ ಮಾತನ್ನ ಎದುರಾಡದೆ ಕೇಳಿದ್ದು ಈ ಚಪ್ಪಲಿಗಳು ಮಾತ್ರ.

ಡಬ್ಬ ತೆಗಿ. ಅದು ಇರೋದೇ ತೆಗೆಯೋದಕ್ಕೆ.

ಮೊದಲು ಈ ವ್ಯವಸ್ಥೆ ಏನು ಮಾಡುತ್ತೆ ತಿಳ್ಕೋ. ಗೋಡೆ ಮೇಲೆ ಬೋರ್ಡು ಒಂದೇ, ಬರೆಯೋಕೆ ಬಂದವರು ಹತ್ತು ಜನ. ನೀನಿಲ್ಲಿ ಬರಿ, ನೀನು ಆ ಮೂಲೆಗೆ ಹೋಗು ಅಂತ ಜಾಗ ಹಂಚಿಕೊಡೋಕೆ ಒಬ್ಬ ಬೇಕು. ಅವನಿಗೆ ಸರ್ವರ್ ಅಂತಾರೆ. ಅವನು ತಾನಾಗಿ ಏನೂ ಬರೆಯೋದಿಲ್ಲ. ಇದನ್ನ ನೆನಪಿಟ್ಕೋ.

ಈಗ ಸಿಗೋ ಸಿದ್ಧ ಪ್ಯಾಕೇಜು ನನ್ನ ಮಿಷನ್ನಿಗೆ ಹತ್ತೋದಿಲ್ಲ. ಅದರ ವಯಸ್ಸು ನಿನ್ನ ಮದುವೆಗಿಂತ ಜಾಸ್ತಿ. ಅದಕ್ಕೇ ಒಂದೊಂದೂ ಮೂಲದಿಂದ ಕಂಪೈಲ್ ಮಾಡಬೇಕು, ಅಂದ್ರೆ ಮನುಷ್ಯರು ಬರೆದ ಕೋಡನ್ನ ಮಿಷನ್ನಿಗೆ ತಿಳಿಯೋ ಹಾಗೆ ಮಾಡಬೇಕು. ಡಬ್ಬದ ಮೇಲಿನ ಮೂರು ಸಿ.ಡಿ. ಬೇರೆ ಇವೆ, ಅದರಿಂದ ಬರೀ ಅಕ್ಷರ ಕಾಣೋ ಕಪ್ಪು ಪರದೆಯ ವ್ಯವಸ್ಥೆ ಬರುತ್ತೆ, ಕಂಪೈಲರ್ ಸಮೇತ. ಏನೂ ಇಲ್ಲದ ಕಂಪ್ಯೂಟರಿಗೆ ಮೊದಲು ಅದು. ಆಮೇಲೆ ಯಾರು ಯಾರ ಹತ್ತಿರ ಹೇಗೆ ಮಾತಾಡಬೇಕು ಅನ್ನೋ ಒಪ್ಪಂದದ ಫೈಲುಗಳು. ಆಮೇಲೆ ಸಣ್ಣ ಲೈಬ್ರರಿಗಳು, ಅಂದ್ರೆ ಮಿಕ್ಕ ಪ್ರೋಗ್ರಾಮುಗಳು ಎರವಲು ತಗೊಳ್ಳೋ ಕೋಡು, ಆಮೇಲೆ ದೊಡ್ಡ ಲೈಬ್ರರಿ, ಅಕ್ಷರದ ಫಾಂಟು, ಆಮೇಲೆ ಸರ್ವರ್, ಕಟ್ಟಕಡೆಗೆ ಪರದೆಯ ಕಾರ್ಡಿನ ಡ್ರೈವರ್. ಸಿ.ಡಿ. ಮೇಲೆ ನಂಬರ್ ಹಾಕಿದೀನಿ. ಒಂದನ್ನೂ ಹಾರಿಸಬೇಡ. ಪ್ರತಿಯೊಂದಕ್ಕೂ ಮೂರೇ ಹೆಜ್ಜೆ: ಮೊದಲು ಕಾನ್ಫಿಗರ್, ಬೇಕಾದ್ದೆಲ್ಲ ಇದೆಯಾ ಅಂತ ಅದು ನೋಡ್ಕೊಳ್ಳುತ್ತೆ. ಎರಡನೇದು ಮೇಕ್, ಕಟ್ಟುತ್ತೆ. ಮೂರನೇದು ಇನ್‌ಸ್ಟಾಲ್.

ಅವಸರ ಬೇಡ. ಮಾರ್ಚ್ ಕೊನೆವರೆಗೂ ನಾನು ಬರೋದಿಲ್ಲ.

ಸಾಸಿವೆ ನಗುವಾಗ ಈಗಲೂ ಮೇಲ್ದುಟಿಯ ಎಡಮೂಲೆ ಮೊದಲು ಏಳುತ್ತಾ? ಬರಿ.

ಅತ್ತೆ

(ಇದರಲ್ಲಿ ಅರ್ಥವಾಗದ್ದೆಲ್ಲ ನಿಮ್ಮ ಅತ್ತೆಯವರದು, ಬರವಣಿಗೆ ಕೆಟ್ಟದ್ದು ಮಾತ್ರ ನನ್ನದು. ಅವರು ಊಟ ಸರಿಯಾಗಿ ಮಾಡುತ್ತಿಲ್ಲ, ಬೈದು ಬರೆಯಿರಿ. ಸಿಸ್ಟರ್)

---

ಫೆಬ್ರವರಿ 2

ಅತ್ತೆಯವರಿಗೆ,

ಮೊದಲು ಊಟ ಮಾಡಿ. ಸಿಸ್ಟರ್ ದೂರು ಕೊಟ್ಟಿದ್ದಾರೆ.

ನಿಮ್ಮ ಪತ್ರ ಬಂದ ದಿನ ಸಾಸಿವೆಯನ್ನು ನಗಿಸಿ ನಗಿಸಿ ನೋಡಿದೆ. ಹೌದು, ಎಡಮೂಲೆಯೇ ಮೊದಲು ಏಳುತ್ತದೆ. ಮೂರು ತಿಂಗಳಿಂದ ಎತ್ತಿ ಆಡಿಸಿಯೂ ನಾನೇ ಗಮನಿಸಿರಲಿಲ್ಲ. ನೀವು ಯಾವಾಗ ನೋಡಿದಿರಿ ಎಂದು ಯೋಚಿಸುತ್ತಲೇ ಇದ್ದೇನೆ.

ಕಲಿಕೆ ನಡೆಯುತ್ತಿದೆ. ಕಪ್ಪು ಪರದೆಯ ವ್ಯವಸ್ಥೆ ಬಂತು. ಒಪ್ಪಂದದ ಫೈಲುಗಳಾದವು. ಇದರಿಂದ ಒಂದು ಉಪಕಾರವಾಗಿದೆ, ನಗಬೇಡಿ. ಕಂಪೈಲ್ ಆಗುವಾಗ ಒಳಗಿನ ಫ್ಯಾನು ಒಂದೇ ಸಮನೆ ಗುಯ್ ಎನ್ನುತ್ತದಲ್ಲ, ಆ ಸದ್ದಿಗೆ ಸಾಸಿವೆ ಮಲಗುತ್ತಾಳೆ! ಜೋಗುಳ, ತೊಟ್ಟಿಲು, ತೋಳು, ಯಾವುದಕ್ಕೂ ಬಗ್ಗದವಳು. ಆದರೆ ಎಲ್ಲಾದರೂ ತಪ್ಪಾಗಿ ಕಂಪೈಲ್ ನಿಂತರೆ ಫ್ಯಾನು ತಣ್ಣಗಾಗುತ್ತದೆ, ಆ ಕ್ಷಣವೇ ಇವಳು ಚಿಟ್ಟನೆ ಚೀರುತ್ತಾಳೆ. ಅಡುಗೆಮನೆಯಲ್ಲಿದ್ದರೂ ನನಗೆ ಗೊತ್ತಾಗುತ್ತದೆ, ತಪ್ಪು ಬಂತು ಎಂದು. ನಿಮ್ಮ ಮಗ 'ಏನಾಯ್ತು, ಹಸಿವಾ?' ಎಂದು ಓಡಿ ಬಂದರು. 'ಇಲ್ಲ, ಲೈಬ್ರರಿ ಸಿಗಲಿಲ್ಲವಂತೆ' ಎಂದೆ. ದಿನವಿಡೀ ಲಿಫ್ಟು ರಿಪೇರಿ ಮಾಡಿ ಬಂದ ಮನುಷ್ಯ, ನನ್ನ ಹಣೆ ಮುಟ್ಟಿ ನೋಡಿದರು.

ಆ ಕಾನ್ಫಿಗರ್ ನನಗೆ ಇಷ್ಟವಾಯಿತು. ಇದು ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ನೂರಾರು ಸಾಲು. ನಾನೂ ಹಾಗೆಯೇ. ಮಗು ಉಸಿರಾಡುತ್ತಿದೆಯೇ? ಆಡುತ್ತಿದೆ. ಕಾಲು ಬೆಚ್ಚಗಿದೆಯೇ? ಇದೆ. ಮೂಗಿಗೆ ಬಟ್ಟೆ ಅಡ್ಡ ಬಂದಿಲ್ಲವೇ? ಇಲ್ಲ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಅವಳು ಮಲಗಿದರೂ ನಾನು ಮಲಗದಿರುವುದು ಇದಕ್ಕೇ.

ಈಗ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ದೊಡ್ಡ ಲೈಬ್ರರಿ ಕಾನ್ಫಿಗರ್ ಮಾಡಿದರೆ 'ಸಣ್ಣ ಲೈಬ್ರರಿ ಇಲ್ಲ' ಎನ್ನುತ್ತದೆ. ಅದನ್ನು ಆಗಲೇ ಕಟ್ಟಿದ್ದೇನೆ! ಕಣ್ಣಾರೆ ನೋಡಿದ್ದೇನೆ. ನಾಲ್ಕು ದಿನದಿಂದ ಇದೇ ಜಗಳ.

ನಿಮ್ಮ
ಸೊಸೆ

---

ಫೆಬ್ರವರಿ 11

ಸೊಸೆಗೆ,

ಕಟ್ಟಿದೆ ಸರಿ, ಮೂರನೇ ಹೆಜ್ಜೆ ಹಾಕಿದ್ಯಾ? ಹಾಕಿಲ್ಲ. ಅಡುಗೆ ಮಾಡಿ ಒಲೆ ಮೇಲೇ ಬಿಟ್ಟು, ಎಲೆ ಮುಂದೆ ಕೂತು ಊಟ ಎಲ್ಲಿ ಅಂತ ಕೇಳ್ತಾ ಇದೀಯ. ಇನ್‌ಸ್ಟಾಲ್ ಮಾಡಿದ ಮೇಲೇ ಅದು ಮಿಕ್ಕವರ ಕೈಗೆ ಸಿಗೋದು. ನಿದ್ದೆ ಇಲ್ಲದವರೆಲ್ಲ ಬಿಡೋದು ಆ ಕೊನೇ ಹೆಜ್ಜೆನೇ.

ಇನ್ನೊಂದು. ತಪ್ಪುಗಳ ರಾಶಿ ಬಂದಾಗ ಕೊನೇ ಸಾಲು ನೋಡಿ ಹೆದರ್ಕೋಬೇಡ. ಮೇಲಕ್ಕೆ ಹೋಗಿ ಮೊದಲನೇ ತಪ್ಪು ಹುಡುಕು. ಉಳಿದ ಇನ್ನೂರು ಬರೀ ಅದರ ಗಲಾಟೆ.

ಉಸಿರಾಟದ ವಿಷಯ. ಕಾನ್ಫಿಗರ್‌ಗೆ ಒಂದು ಅಭ್ಯಾಸ ಕಲಿಸಬಹುದು, ಒಂದು ಸಲ ಸಿಕ್ಕ ಉತ್ತರಾನ ಫೈಲಿನಲ್ಲಿ ಬರೆದಿಟ್ಕೊಂಡು ಮುಂದಿನ ಸಲ ಅದನ್ನೇ ನಂಬೋದು. ನೀನೂ ಒಂದು ಚೀಟಿ ಇಟ್ಕೋ. 'ಎರಡು ಗಂಟೆಗೆ ನೋಡಿದೆ, ಉಸಿರಾಡ್ತಿದಾಳೆ' ಅಂತ ಬರಿ. ಮೂರು ಗಂಟೆವರೆಗೆ ಆ ಚೀಟಿ ನಂಬು. ಮಧ್ಯೆ ಮಲಗು. ಚೀಟಿ ಸುಳ್ಳು ಹೇಳೋದಿಲ್ಲ.

ಇವತ್ತು ಎದ್ದು ಕೂತಿದೀನಿ, ಅದಕ್ಕೇ ಮಾತು ಜಾಸ್ತಿ. ನಿನ್ನ ಗಂಡ ನಾಲ್ಕು ತಿಂಗಳ ಮಗುವಾಗಿದ್ದಾಗ ನಾನು ನಕ್ಷೆ ಅಚ್ಚು ಹಾಕೋ ಕಚೇರಿಗೆ ಮತ್ತೆ ಹೋಗೋಕೆ ಶುರು ಮಾಡಿದ್ದೆ. ಕಂಪ್ಯೂಟರ್ ನೋಡ್ಕೊಳ್ಳೋಕೆ ಇದ್ದಿದ್ದು ನಾನೊಬ್ಬಳೇ. ಇವನನ್ನ ನಕ್ಷೆ ಇಡೋ ಅಗಲದ ಡ್ರಾಯರಿನಲ್ಲಿ ಮಲಗಿಸ್ತಿದ್ದೆ. ಒಂದು ದಿನ ನಿದ್ದೆಗಣ್ಣಲ್ಲಿ ಒಂದು ಬಣ್ಣ ಕಳಿಸೋದನ್ನೇ ಮರೆತೆ. ನೀಲಿ. ನಾನೂರು ಹಾಳೆ ಅಚ್ಚಾಗಿ ಬಂತು, ಒಂದರಲ್ಲೂ ನದಿ ಇಲ್ಲ, ಕೆರೆ ಇಲ್ಲ. ಸೇತುವೆಗಳು ಮಾತ್ರ ಬಯಲಿನಲ್ಲಿ ನಿಂತಿವೆ! ಮೇಲಿನವರು ನೋಡಿದ್ರೆ ಕೆಲಸ ಹೋದ ಹಾಗೇ. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳ್ಕೊಂಡು ಬಂದು ನೋಡ್ತೀನಿ, ಅಚ್ಚಿನ ಮಿಷನ್ ಓಡಿಸೋ ಅಣ್ಣ ನೀಲಿ ಹಾಕಿ ನಾನೂರೂ ಹಾಳೆನ ಇನ್ನೊಂದು ಸಲ ಓಡಿಸ್ತಾ ಇದಾನೆ. ಸಂಜೆ ಥ್ಯಾಂಕ್ಸ್ ಹೇಳೋಕೆ ಹೋದೆ. 'ಅಣ್ಣಾ, ಆ ನದಿ ವಿಷಯ' ಅಂದೆ. ತಲೆ ಎತ್ತದೇ 'ಯಾವ ನದಿ?' ಅಂದ. ಅಷ್ಟೇ. ಅವನು ರಿಟೈರ್ ಆಗೋವರೆಗೂ ಅದೇ ಉತ್ತರ.

ಯಾಕೋ ಇಲ್ಲಿ ಮಲಗಿದಾಗ ಅವನ ನೆನಪು ಜಾಸ್ತಿ.

ಎಡಗಣ್ಣಿನ ಆಪರೇಷನ್ ಮಾರ್ಚ್ ಮೂರಕ್ಕೆ.

ಅತ್ತೆ

(ಈಗ ಊಟ ಮಾಡುತ್ತಿದ್ದಾರೆ. ನಾನು ನಕ್ಷೆ ನೋಡಿದರೆ ಇನ್ನು ಮೊದಲು ನದಿ ಹುಡುಕುತ್ತೇನೆ. ಸಿಸ್ಟರ್)

---

ಫೆಬ್ರವರಿ 26

ಅತ್ತೆ,

'ಯವರಿಗೆ' ಇವತ್ತು ಬರಲಿಲ್ಲ, ತಪ್ಪು ತಿಳಿಯಬೇಡಿ.

ಮೂರನೇ ಹೆಜ್ಜೆ! ಹಾಕಿದ್ದೇ ತಡ, ದೊಡ್ಡ ಲೈಬ್ರರಿ ಮಾತಿಲ್ಲದೆ ಮುಂದೆ ಹೋಯಿತು. ಆಮೇಲೆ ಫಾಂಟು. ಮೊನ್ನೆ ಸರ್ವರ್. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆ. ಪರದೆಯ ತುಂಬ ಸಾಲುಗಳು ಓಡತೊಡಗಿದವು, ಫ್ಯಾನು ಹಾಡತೊಡಗಿತು. ಸಾಸಿವೆ ಮಲಗಿದಳು. ಚೀಟಿ ಬರೆದೆ: 'ಹತ್ತೂವರೆ, ಉಸಿರಾಡ್ತಿದಾಳೆ.' ಹತ್ತಿರದಲ್ಲೇ ನೆಲದ ಮೇಲೆ ಚಾಪೆ ಹಾಕಿ, ಸುಮ್ಮನೆ ಬೆನ್ನು ಚಾಚೋಣವೆಂದುಕೊಂಡೆ.

ಎದ್ದಾಗ ಒಂದೂಮುಕ್ಕಾಲು. ಅತ್ತೆ, ಮೂರು ಗಂಟೆಗೂ ಮೇಲೆ! ಹೆರಿಗೆಯಾದ ಮೇಲೆ ಒಂದೇ ಉಸಿರಿಗೆ ಇಷ್ಟು ನಿದ್ದೆ ಮಾಡಿದ್ದು ಇದೇ ಮೊದಲು. ಮೊದಲು ಮಗುವನ್ನು ನೋಡಿದೆ. ಬೆರಳು ಚೀಪುತ್ತ ಓಡುವ ಸಾಲುಗಳನ್ನು ನೋಡುತ್ತ ಮಲಗಿದ್ದಳು, ಸಿನಿಮಾ ನೋಡುವವಳ ಹಾಗೆ. ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ನೀವು ಹೇಳಿದ ಒಂದು ತುಂಡು ಚೀಟಿ, ನಿಮ್ಮ ಹಳೆಯ ಫ್ಯಾನು, ಇವೆರಡಕ್ಕೆ ಹೇಗೆ ಕೈಮುಗಿಯಬೇಕು ಎಂದು ತಿಳಿಯಲಿಲ್ಲ. ಮಿಷನ್ನಿನ ಮೇಲಿನ ಧೂಳು ಒರೆಸಿದೆ.

ಇನ್ನುಳಿದದ್ದು ಡ್ರೈವರ್. ಆಮೇಲೆ 'ಭೂತಗನ್ನಡಿ' ಎಂಬ ಸಿ.ಡಿ. ಇದೆಯಲ್ಲ, ಅದನ್ನೂ ಕಲಿಕೆಗೆಂದು ಕಂಪೈಲ್ ಮಾಡಿ ನೋಡಲೇ?

ನಿಮಗೊಂದು ವಿಷಯ ಹೇಳಬೇಕಾಗಿದೆ. ಮುಂದಿನ ಪತ್ರದಲ್ಲಿ ಹೇಳುತ್ತೇನೆ.

ಮೂರನೆಯ ತಾರೀಕು ನಿಮ್ಮ ಮಗ ಅಲ್ಲಿರುತ್ತಾರೆ. ನಾನು ಇಲ್ಲಿಂದಲೇ ಜೊತೆಗಿರುತ್ತೇನೆ.

ನಿದ್ದೆ ಮಾಡಿ ಎದ್ದ
ನಿಮ್ಮ ಸೊಸೆ

---

ಮಾರ್ಚ್ 6

ಮೇಡಂ,

ನಾನು ವಾರ್ಡಿನ ಸಿಸ್ಟರ್. ಅತ್ತೆಯವರು ಮತ್ತೆ ಬೋರಲು ಮಲಗಿದ್ದಾರೆ, ಈ ವಾರ ಮಾತಾಡಬಾರದೆಂದು ಡಾಕ್ಟರ್ ಹೇಳಿದ್ದಾರೆ. ಆಪರೇಷನ್ ಆಗಿದೆ. ಕಣ್ಣಿನೊಳಗೆ ಕಳಚಿದ್ದ ಪರದೆ (ರೆಟಿನಾ) ಅಂಟಿಕೊಂಡಿತೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆ ತಿಳಿಯುತ್ತದೆ. ನಡುವಿನ ದೃಷ್ಟಿ ಎರಡೂ ಕಣ್ಣಿನಲ್ಲಿ ಮೊದಲೇ ಹೋದದ್ದು, ಅದು ಬರುವುದಿಲ್ಲ. ಅಂಚಿನ ದೃಷ್ಟಿ ಉಳಿಸಲೆಂದೇ ಇಷ್ಟೆಲ್ಲ. ಅವರು ಧೈರ್ಯವಾಗಿದ್ದಾರೆ. ಆಪರೇಷನ್ನಿಗೆ ಮುಂಚೆ ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡರು. ಭೂತಗನ್ನಡಿಯ ಪ್ರಶ್ನೆಗೆ 'ಹೂಂ ಅಂತ ಬರಿ' ಎಂದರು.

ಹೂಂ.

ಸಿಸ್ಟರ್

---

ಮಾರ್ಚ್ 14

ಅತ್ತೆ,

ಇದರ ಜೊತೆ ಇನ್ನೊಂದು ಪತ್ರವಿದೆ, ಜನವರಿ ಒಂಬತ್ತರದು. ಅದನ್ನು ಮೊದಲು ಓದಿಸಿಕೊಳ್ಳಿ. ಸಿಸ್ಟರ್, ದಯವಿಟ್ಟು ಏನನ್ನೂ ಬಿಡದೆ ಓದಿ, ಕಿವಿಯ ವಿಷಯವನ್ನೂ.

ಓದಿದಿರಾ? ಈಗ ಇದು.

ಕಲಿಯುವುದಕ್ಕೆ ಅಂದದ್ದು ಸುಳ್ಳು. ನೀವು ಬರುವಷ್ಟರಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಿ, ಏನೂ ಆಗದವರ ಹಾಗೆ ಬಾಗಿಲು ತೆರೆಯಬೇಕೆಂದಿದ್ದೆ. ಆಗಲಿಲ್ಲ.

ಡ್ರೈವರ್ ಆಯಿತು. ನಿಮ್ಮ ಭೂತಗನ್ನಡಿಯೂ ಕಂಪೈಲ್ ಆಯಿತು. ಆಗುವ ಮೊದಲು ಅದರ ಕೋಡನ್ನು ತೆರೆದು ನೋಡಿದೆ. ಕೋಡು ನನಗೆ ತಿಳಿಯಲಿಲ್ಲ. ಆದರೆ ನಡುನಡುವೆ ನಿಮಗೆ ನೀವೇ ಟಿಪ್ಪಣಿ ಬರೆದುಕೊಂಡಿದ್ದೀರಿ, ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ. ಅದನ್ನು ಓದಬಾರದಿತ್ತೋ ಏನೋ. ಓದಿದೆ.

ಮೊದಲನೆಯದು ಆರು ವರ್ಷ ಹಿಂದಿನದು: 'ಬಲಗಣ್ಣು, ನಡುವೆ ಕಾಳಿನಷ್ಟು ಮಬ್ಬು. ಅಕ್ಷರ ದೊಡ್ಡದು ಮಾಡಿದೆ.'

ಆಮೇಲೆ: 'ನಡು ಪೂರ್ತಿ ಹೋಯಿತು. ದೊಡ್ಡದು ಮಾಡಿ ಉಪಯೋಗವಿಲ್ಲ. ನಡುವೆ ಒಂದು ಚುಕ್ಕೆ ಇಟ್ಟು ಅಕ್ಷರಗಳನ್ನು ಎಡಕ್ಕೆ, ಮೇಲಕ್ಕೆ ಸರಿಸಿದೆ. ಚುಕ್ಕೆ ನೋಡಿದರೆ ಅಕ್ಷರ ಕಾಣುತ್ತದೆ.'

ಕೊನೆಯದು ಹೋದ ನವೆಂಬರಿನದು: 'ಮೊಮ್ಮಗಳು. ನೇರ ನೋಡಿದರೆ ಮುಖ ಇರುವ ಕಡೆ ಏನೂ ಇಲ್ಲ. ಕಿವಿಯಾಚೆಗೆ ನೋಡಿದರೆ ಪೂರ್ತಿ ಕಾಣುತ್ತಾಳೆ. ಎಡಕ್ಕೆ ಇನ್ನೂ ಎರಡು ಬೆರಳು. ಅಕ್ಷರಕ್ಕೂ ಅದೇ ಅಳತೆ ಇಟ್ಟೆ.'

ಅತ್ತೆ, ಇದಾದ ಮೇಲೆ ನಾನು ಏನು ಬರೆಯಲಿ? ಕಣ್ಣು ಮಬ್ಬು ಎಂದಷ್ಟೇ ನಮಗೆ ಹೇಳಿದ್ದಿರಿ. ಬಸ್ಸಿಗೆ ಕಾಯುವವರ ಹಾಗೆ ಎಂದು ನಾನು ಬರೆದಿದ್ದೆ. ನೀವು ಅವಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದಿರಿ. ಈ ಟಿಪ್ಪಣಿ ಓದಿದ ಮೇಲೆ ಮಗುವಿನ ಮುಂದೆ ಕೂತು ನಾನೂ ಅವಳ ಕಿವಿಯಾಚೆಗೆ ನೋಡಲು ಪ್ರಯತ್ನಿಸಿದೆ. ಎಷ್ಟು ಕಷ್ಟ! ಕಣ್ಣು ಜಾರಿ ಜಾರಿ ಮುಖಕ್ಕೇ ಬರುತ್ತದೆ.

ಅದಕ್ಕೇ ಈಗ ಇನ್ನೂ ನಾಚಿಕೆ. ಎಲ್ಲ ಕಟ್ಟಿಯೂ ಅದು ನಡೆಯುತ್ತಿಲ್ಲ. ಸರ್ವರನ್ನು ಹಚ್ಚಿದರೆ ಪರದೆ ಮಿಂಚುತ್ತದೆ, ಆಮೇಲೆ ಪರದೆಯ ತುಂಬ ಬೂದು ಬಣ್ಣದ ಸಣ್ಣ ಜಾಲರಿ, ಸೊಳ್ಳೆಪರದೆಯ ಹಾಗೆ. ಸರಿಯಾಗಿ ನಡುವೆ ಒಂದು ಕಪ್ಪು ಇಂಟು ಮಾರ್ಕು. ಬೇರೇನೂ ಇಲ್ಲ. ಎಷ್ಟು ಕಾದರೂ ಇಲ್ಲ. ಪರೀಕ್ಷೆಯಲ್ಲಿ ಪುಟ ತುಂಬ ಬರೆದ ಉತ್ತರಕ್ಕೆ ಮೇಷ್ಟ್ರು ಒಂದೇ ಇಂಟು ಹಾಕಿ ಕೊಟ್ಟ ಹಾಗೆ. ಮೂರು ಕೀ ಒಟ್ಟಿಗೆ ಒತ್ತಿ ಮುಚ್ಚುತ್ತೇನೆ, ಡ್ರೈವರ್ ಮತ್ತೆ ಕಟ್ಟುತ್ತೇನೆ, ಮತ್ತೆ ಹಚ್ಚುತ್ತೇನೆ, ಮತ್ತೆ ಅದೇ ಇಂಟು. ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ತಪ್ಪು.

ಇನ್ನು ನನಗೆ ದಾರಿ ತಿಳಿಯದು. ನೀವು ಬಯ್ಯಿರಿ, ತಡೆದುಕೊಳ್ಳುತ್ತೇನೆ. ಇಲ್ಲಿಯವರೆಗೆ ಕಲಿಸಿದ್ದಕ್ಕೆ ಋಣಿ. ಅದು ಮಾತ್ರ ಸುಳ್ಳಲ್ಲ.

ನಿಮ್ಮ
ಸೊಸೆ

---

ಮಾರ್ಚ್ 21

ಹುಚ್ಚು ಹುಡುಗಿ,

ಪಟ್ಟಿ ಬಿಚ್ಚಿದರು. ಅಂಚು ಉಳಿದಿದೆ, ಎರಡರಲ್ಲೂ. ಸಿಸ್ಟರ್ ಎದುರಿಗೆ ಕೂತಿದಾಳೆ, ನಾನು ಅವಳ ಕಿವಿಯಾಚೆಗೆ ನೋಡ್ತಾ ಇದೀನಿ, ಅವಳು ಅಳ್ತಾ ಇರೋದು ಚೆನ್ನಾಗಿ ಕಾಣ್ತಾ ಇದೆ. (ಇಲ್ಲ, ನೆಗಡಿ. ಸಿಸ್ಟರ್)

ಈಗ ಕೇಳು. ಆ ಇಂಟು ತಪ್ಪಲ್ಲ ಕಣೇ. ಅದು ಮೌಸಿನ ಗುರುತು! ಮೌಸ್ ಅಲ್ಲಾಡಿಸಿದ್ಯಾ? ಒಂದು ಕೈಯಲ್ಲಿ ಮಗು, ಇನ್ನೊಂದು ಕೈ ಕೀಬೋರ್ಡ್ ಮೇಲೆ, ಎಲ್ಲಿ ಅಲ್ಲಾಡಿಸ್ತೀಯ. ಆ ಬೂದು ಜಾಲರಿನೇ ನೀನು ಕಟ್ಟಿದ ವ್ಯವಸ್ಥೆ. ಯಾರೂ ಇನ್ನೂ ಏನೂ ಬರೆಯದ ಬೋರ್ಡು. ನಾನು ಮೊದಲನೇ ಪತ್ರದಲ್ಲೇ ಹೇಳಿದ್ದೆ, ಸರ್ವರ್ ತಾನಾಗಿ ಏನೂ ಬರೆಯೋದಿಲ್ಲ, ಜಾಗ ಕೊಟ್ಟು ಕಾಯ್ತಾನೆ ಅಂತ. ಹನ್ನೊಂದು ಸಲ ಪಾಸಾಗಿದೀಯ, ಹನ್ನೊಂದು ಸಲವೂ ನೀನೇ ಉತ್ತರಪತ್ರಿಕೆ ಹರಿದು ಹಾಕಿದೀಯ!

ಇನ್ನು ಮುಂದೆ ಆ ಮೂರು ಕೀ ಒತ್ತಬೇಡ. ಬೂದು ಪರದೆ ಹಾಗೇ ಇರಲಿ. ಇನ್ನೊಂದು ಕಪ್ಪು ಪರದೆಗೆ ಹೋಗಿ ಭೂತಗನ್ನಡಿನ ಕರಿ, ಸೊನ್ನೇ ನಂಬರ್ ಪರದೆಗೆ, ಅಂದ್ರೆ ಆ ಬೂದು ಪರದೆಗೆ, ಹೋಗು ಅಂತ ಹೇಳು. ಆಮೇಲೆ ವಾಪಸ್ ಬಂದು ನೋಡು.

ನಿನ್ನ ಜನವರಿ ಪತ್ರ ಓದಿಸ್ಕೊಂಡೆ. ಅದರಲ್ಲಿರೋ ಸುದ್ದಿ ನನಗೆ ಜನವರಿ ಹತ್ತೊಂಬತ್ತಕ್ಕೇ ಗೊತ್ತಿತ್ತು. ಕಿಟಕಿ ಇರೋರು ಅದನ್ನ ಹೇಗೆ ಮುಚ್ಚೋದು ಅಂತ ಕೇಳ್ತಾರೆ. ಏನೂ ಇಲ್ಲದ ಕಂಪ್ಯೂಟರ್ ಅಂತ ಕೇಳೋರ ಮನೆಯಲ್ಲಿ ಏನೂ ಇಲ್ಲದ ಕಂಪ್ಯೂಟರ್ ಇರುತ್ತೆ. ಆ ಡಬ್ಬ ಯಾಕಿದೆ ಅಂದ್ಕೊಂಡೆ? ನಾನೂ ಎರಡು ಸಲ ಅಳಿಸಿದೀನಿ. ಆಸ್ಪತ್ರೆಗೆ ಹೊರಡೋ ಹಿಂದಿನ ದಿನ ಎಲ್ಲ ಹೊಸದಾಗಿ ಸಿ.ಡಿ.ಗೆ ಇಳಿಸಿ ಬಂದೆ. ಪದಸೂಚಿಗಳು ಪ್ರಕಾಶಕರ ಹತ್ತಿರ ಇವೆ. ಹೋಗಿದ್ದು ಏನೂ ಇಲ್ಲ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಪರವಾಗಿಲ್ಲ ಬಿಡು ಅಂತ ಬರೆದಿದ್ರೆ ನೀನು ನಿಲ್ಲಿಸ್ತಿದ್ದೆ. ನಿಲ್ಲಿಸಿದ್ರೆ ನಾನು ಮಂಚದ ತೂತಿನಲ್ಲಿ ಮುಖ ಇಟ್ಕೊಂಡು ಕಾಯೋಕೆ ಏನಿರ್ತಿತ್ತು? ಇಲ್ಲಿ ಎಲ್ಲರೂ ನನ್ನ ಕಣ್ಣಿನ ಬಗ್ಗೆ ಕೇಳಿದರು. ನೀನೊಬ್ಬಳು ನನಗೆ ಗೊತ್ತಿರೋದರ ಬಗ್ಗೆ ಕೇಳಿದೆ. ಅದಕ್ಕೆ ನಾನು ನಿನಗೆ ಋಣಿ, ಇದನ್ನ ಎದುರಿಗೆ ಹೇಳೋದಿಲ್ಲ, ಕಾಗದದಲ್ಲೇ ಇಟ್ಕೋ.

ತಪ್ಪು ನನ್ನದೂ ಇದೆ. ಮುಖ ಕಾಣೋದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದ್ರೆ ಮಗುನ ಕೈಗೆ ಕೊಡೋಕೆ ನೀನು ಹೆದರ್ತೀಯೇನೋ ಅಂತ ಸುಮ್ಮನಿದ್ದೆ. ಕಂಪೈಲರಿಗೆ ಹೇಳಿದ್ದನ್ನ ಸೊಸೆಗೆ ಹೇಳಲಿಲ್ಲ. ಟಿಪ್ಪಣಿನ ಕಂಪೈಲರ್ ಓದೋದಿಲ್ಲ, ಅದು ಮನುಷ್ಯರಿಗೆ ಅಂತಲೇ ಬರೆಯೋದು. ಯಾರಾದರೂ ಓದಲಿ ಅಂತಲೇ ಬರೆದೆನೋ ಏನೋ.

ಮೂವತ್ತಕ್ಕೆ ಬರ್ತೀನಿ. ಇನ್ನು ಆ ಡಿಸ್ಕಿನ ಮಾತು ಎತ್ತಬೇಡ. ಯಾವ ಡಿಸ್ಕು?

ನಿನ್ನ
ಅತ್ತೆ

---

ಮಾರ್ಚ್ 30, ಬೆಳಿಗ್ಗೆ

ಅತ್ತೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ನೀವು ಈಗ ಕೂತಿರುವ ಕುರ್ಚಿಯಲ್ಲೇ ಕೂತು ಟೈಪ್ ಮಾಡಿದ್ದೇನೆ. ಚುಕ್ಕೆಯನ್ನು ನೋಡಿ, ಅಕ್ಷರಗಳು ಎಡಕ್ಕೆ, ಮೇಲಕ್ಕೆ, ನೀವಿಟ್ಟ ಅಳತೆಯಲ್ಲೇ ಇವೆ. ಕಾಣುತ್ತಿವೆ ತಾನೆ?

ನಿಮ್ಮ ಪತ್ರ ಬಂದ ದಿನ ಸರ್ವರನ್ನು ಹಚ್ಚಿ ಮೊದಲು ಮೌಸನ್ನು ಅಲ್ಲಾಡಿಸಿದೆ. ಇಂಟು ನಡೆಯಿತು. ಅಡುಗೆಮನೆಯಿಂದ ನಿಮ್ಮ ಮಗ ಓಡಿ ಬರುವಷ್ಟು ಜೋರಾಗಿ ನಕ್ಕೆ. 'ಈ ಸಲ ಯಾವ ಲೈಬ್ರರಿ?' ಎಂದರು. ಸಾಸಿವೆಯ ಕೈ ಹಿಡಿದು ಮೌಸಿನ ಮೇಲೆ ಇಟ್ಟೆ, ಅವಳೂ ಅದನ್ನು ಮೂಲೆಯಿಂದ ಮೂಲೆಗೆ ಓಡಿಸಿದಳು. ಆಮೇಲೆ ಭೂತಗನ್ನಡಿಯನ್ನು ಕರೆದೆ. ಬೂದು ಜಾಲರಿಯ ಮೇಲೆ ಬಿಳಿಯ ಕಿಟಕಿಯೊಂದು ತೆರೆಯಿತು. ನಾನು ಕಟ್ಟಿದ್ದು! ಇಷ್ಟು ತಪ್ಪು ಮಾಡಿಯೂ ಅದು ತೆರೆದುಕೊಂಡಿತು.

ಅದರಲ್ಲಿ ಮೊದಲು ಹಾಕಿದ್ದು ಸಾಸಿವೆಯ ಫೋಟೋ. ಈ ಪತ್ರದ ಹಿಂದಿನ ಕಿಟಕಿಯಲ್ಲಿದೆ.

ಅವಳು ಒಳಕೋಣೆಯಲ್ಲಿ ಮಲಗಿದ್ದಾಳೆ. ಪಕ್ಕದಲ್ಲಿ ಚೀಟಿ ಇದೆ. ನೀವು ಇದನ್ನು ಓದುವ ಹೊತ್ತಿಗೆ ನಾನೂ ಮಲಗಿರುತ್ತೇನೆ, ಎಬ್ಬಿಸಬೇಡಿ. ಅವಳು ಎದ್ದರೆ ನೀವೇ ಎತ್ತಿಕೊಳ್ಳಿ. ಕಿವಿಯಾಚೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿ. ಚೀಟಿಯಲ್ಲಿ ಮುಂದಿನ ಸಾಲು ಖಾಲಿ ಬಿಟ್ಟಿದ್ದೇನೆ, ಗಂಟೆ ಎಷ್ಟೆಂದು ನೀವು ಬರೆಯಿರಿ.

ಯಾವ ಡಿಸ್ಕೂ ಗೊತ್ತಿಲ್ಲದ
ನಿಮ್ಮ ಸೊಸೆ